ಯಾರನ್ನು ಬಿಡುತ್ತಿ?

ಕಿತ್ತೂರಿನ ಮಲ್ಲಸರ್ಜ ದೇಸಾಯರಿಗೆ ಇಬ್ಬರು ಹೆಂಡಂದಿರು, ಹಿರಿಯರು ರುದ್ರಮ್ಮ, ಕಿರಿಯರು ಚನ್ನಮ್ಮ. 1816ರಲ್ಲಿ ದೇಸಾಯರು ತೀರಿಕೊಂಡ ಮೇಲೆ ಗಾದಿಗೆ ಬಂದದ್ದು ರುದ್ರಮ್ಮನವರ ಮಗ ಶಿವಲಿಂಗರುದ್ರಸರ್ಜ. 1824ರಲ್ಲಿ ಅವರೂ ಮಕ್ಕಳಿಲ್ಲದೆ ಕಣ್ಣು ಮುಚ್ಚಿದಾಗ, ಅವರು ದತ್ತಕ ತೆಗೆದುಕೊಂಡ ಹುಡುಗನ ಹಕ್ಕನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಆ ಹಕ್ಕಿಗಾಗಿ ಕಂಪನಿಯ ಎದುರು ನಿಂತವರು ಚನ್ನಮ್ಮ. ಹುಡುಗನ ದತ್ತುತಂದೆ ಅವರ ಹೊಟ್ಟೆಯಲ್ಲಿ ಹುಟ್ಟಿದವರಲ್ಲ, ಸವತಿಯ ಮಗ. 1829ರ ಫೆಬ್ರುವರಿಯಲ್ಲಿ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿಯೇ ಅವರು ತೀರಿಕೊಂಡರು. ಸಮಾಧಿಯೂ ಆ ಊರಿನಲ್ಲೇ ಇದೆ. ಅದೇ ವರ್ಷಗಳಲ್ಲಿ ಐವತ್ತು ಕಿಲೋಮೀಟರಿನೊಳಗೆ ಇನ್ನೊಂದು ಕೆಲಸ ಶುರುವಾಗಿತ್ತು: 1820ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ ಬೆಳಗಾವಿಗೆ ಬಂದು ನೆಲೆಸಿದ್ದರು. ಕಿತ್ತೂರಿನಂಥ ಮನೆಯ ಯಜಮಾನನೊಬ್ಬ ದೀಕ್ಷಾಸ್ನಾನ ಕೇಳಿಕೊಂಡು ಬಂದಿದ್ದರೆ ಆ ಶತಮಾನದ ಬಹುಪಾಲು ಮಿಷನರಿಗಳು ಅವನಿಗೆ ಹಾಕುತ್ತಿದ್ದ ಪ್ರಶ್ನೆ ಒಂದೇ. ಇಬ್ಬರಲ್ಲಿ ಯಾರನ್ನು ಬಿಡುತ್ತಿ? ರುದ್ರಮ್ಮನನ್ನೋ, ಚನ್ನಮ್ಮನನ್ನೋ? ಒಬ್ಬ ಗಂಡನಿಗೆ ಒಬ್ಬಳೇ ಹೆಂಡತಿ ಎಂಬ ಕ್ರೈಸ್ತ ನಿಯಮ ಸರಿಯಾದದ್ದು ಎಂದೇ ನಾನು ನಂಬುತ್ತೇನೆ. ಆದರೆ ಆಗಲೇ ನಡೆಯುತ್ತಿರುವ ಸಂಸಾರದೊಳಕ್ಕೆ ಆ ನಿಯಮವನ್ನು ಒಯ್ದು ಒಬ್ಬ ಹೆಂಗಸನ್ನು ಹೊಸ್ತಿಲಾಚೆ ನಿಲ್ಲಿಸಿದರೆ ಅದು ನಿಯಮದ ಪಾಲನೆಯಲ್ಲ, ಅನ್ಯಾಯ. ಬಹುಪತ್ನಿತ್ವದ ಮಾತು ಬಂದಾಗ ಸಭೆಯ ಹಿರಿಯರು ಮೊದಲು ಕರೆದು ಕೂರಿಸಿ ಕೇಳಬೇಕಾದದ್ದು ಗಂಡಸನ್ನಲ್ಲ, ಆ ಹೆಂಗಸರನ್ನು.

ಸತ್ಯವೇದ ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬಲ್ಲಿಂದಲೇ ಜಗಳ ಹುಟ್ಟುತ್ತದೆ. ಅಬ್ರಹಾಮನಿಗೆ ಸಾರಳಿದ್ದೂ ಹಾಗರಳು ಬಂದಳು, ಯಾಕೋಬನಿಗೆ ಅಕ್ಕತಂಗಿಯರಾದ ಲೇಯಳೂ ರಾಹೇಲಳೂ ಇದ್ದರು, ದಾವೀದನ ಹೆಂಡಂದಿರಿಗೆ ಲೆಕ್ಕವೇ ಬೇರೆ. ಇವರಾರನ್ನೂ ದೇವರು ಕೈಬಿಡಲಿಲ್ಲವಲ್ಲ ಎಂದು ಒಬ್ಬ ವಿಶ್ವಾಸಿ ಕೇಳಿದರೆ, ಅದು ಹಳೆಯ ಒಡಂಬಡಿಕೆ ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸುವ ಪಾಸ್ಟರುಗಳಿದ್ದಾರೆ. ಅದು ಉತ್ತರವಲ್ಲ. ಬಹುಪತ್ನಿತ್ವವನ್ನು ಎಲ್ಲರಿಗೂ ನೇರವಾಗಿ ನಿಷೇಧಿಸುವ ಒಂದು ವಚನವನ್ನು ತೋರಿಸುವುದು ಕಷ್ಟ ಎಂದು ಮೊದಲು ಒಪ್ಪಿಕೊಳ್ಳಬೇಕು. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ ಮೂರನೆಯ ಅಧ್ಯಾಯ ಒಬ್ಬಳೇ ಹೆಂಡತಿಯ ಮಾತನ್ನು ಹೇಳುವುದು ಸಭಾಧ್ಯಕ್ಷರಿಗೆ ಮತ್ತು ಸಭಾಸೇವಕರಿಗೆ. ಮತ್ತಾಯ 19ರಲ್ಲಿ ಯೇಸುವಿಗೆ ಹಾಕಿದ ಪ್ರಶ್ನೆ ಹೆಂಡತಿಯನ್ನು ಬಿಡುವುದರ ಬಗ್ಗೆ, ಎರಡನೆಯವಳನ್ನು ತರುವುದರ ಬಗ್ಗೆ ಅಲ್ಲ. ಇಷ್ಟನ್ನು ಒಪ್ಪಿಕೊಂಡರೆ ನಂಬಿಕೆಗೆ ಕುಂದು ಬರುವುದಿಲ್ಲ. ಪಿತೃಗಳ ಕಾಲದ ಪದ್ಧತಿಯನ್ನು ಪಾಪವೆನ್ನಲಾಗದು ಎಂದು ಸಂತ ಅಗಸ್ಟೀನನೇ ವಾದಿಸಿದ್ದಾನೆ.

ಒಪ್ಪಿಕೊಂಡ ಮೇಲೆ ಆ ಕಥೆಗಳನ್ನು ಕೊನೆಯವರೆಗೂ ಓದಬೇಕು. ಸತ್ಯವೇದದಲ್ಲಿ ಇಬ್ಬರನ್ನು ಕಟ್ಟಿಕೊಂಡ ಮೊದಲಿಗ ಲೆಮೆಕ. ಅವನು ಆ ಇಬ್ಬರೂ ಹೆಂಡಂದಿರೆದುರು ಕೊಚ್ಚಿಕೊಳ್ಳುವುದು ತಾನು ಮಾಡಿದ ಕೊಲೆಯನ್ನು. ಹಾಗರಳು ಮಗನನ್ನು ಕಟ್ಟಿಕೊಂಡು, ಒಂದಿಷ್ಟು ರೊಟ್ಟಿ, ಒಂದು ಚರ್ಮದ ಚೀಲದ ನೀರಿನೊಂದಿಗೆ ಕಾಡಿಗೆ ನಡೆದಳು. ಎಲ್ಕಾನನ ಮನೆಯಲ್ಲಿ ಮಕ್ಕಳಿಲ್ಲದ ಹನ್ನಳನ್ನು ಪೆನಿನ್ನಳು ವರ್ಷವರ್ಷವೂ ಹಬ್ಬದ ಊಟದ ಹೊತ್ತಿಗೇ ಕೆಣಕಿ ಅಳಿಸುತ್ತಿದ್ದಳು. ಬಂಜೆ ಎಂಬ ಮಾತು ಹೆಂಗಸಿಗೆ ಹೇಗೆ ತಾಗುತ್ತದೆ ಎಂಬುದನ್ನು ನಮ್ಮ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇಲ್ಲಿಯೂ ಎರಡನೆಯ ಮದುವೆಗೆ ಹೆಚ್ಚು ಸಲ ಕೊಟ್ಟ ಕಾರಣ ಅದೇ, ಮನೆಗೊಬ್ಬ ಗಂಡುಮಗ ಬೇಕು ಎಂಬುದು. ಇನ್ನು ಧರ್ಮಶಾಸ್ತ್ರದ ಭಾಗಕ್ಕೆ ಬಂದರೆ, ವಿಮೋಚನಕಾಂಡ 21ರ ಪ್ರಕಾರ ಇನ್ನೊಬ್ಬಳನ್ನು ತಂದವನು ಮೊದಲನೆಯವಳ ಅನ್ನ, ಬಟ್ಟೆ, ದಾಂಪತ್ಯದ ಹಕ್ಕನ್ನು ಕಡಿಮೆ ಮಾಡಕೂಡದು. ಧರ್ಮೋಪದೇಶಕಾಂಡ 21ರ ಪ್ರಕಾರ ಒಲ್ಲದ ಹೆಂಡತಿಯ ಮಗನೇ ಚೊಚ್ಚಲಾಗಿದ್ದರೆ ಅವನ ಎರಡು ಪಾಲನ್ನು ತಪ್ಪಿಸಕೂಡದು. ಎರಡೂ ಕಡೆ ಕಟ್ಟಿಹಾಕಿರುವುದು ಗಂಡಸಿನ ಕೈಯನ್ನು, ಕಾಪಾಡಿರುವುದು ಬಲವಿಲ್ಲದವಳನ್ನು. ಮತ್ತಾಯ 19ರಲ್ಲಿ ಯೇಸು ಹೆಂಡತಿಯನ್ನು ಬಿಡುವ ಪ್ರಶ್ನೆಗೆ ಆದಿಯ ಒಂದು ಜೋಡಿಯನ್ನು ನೆನಪಿಸಿ ಉತ್ತರಿಸಿದ್ದೂ ಇದೇ ದಾರಿಯಲ್ಲಿ, ಗಂಡಸು ಮನಬಂದಂತೆ ಹೆಂಡತಿಯನ್ನು ಹೊರಹಾಕದಂತೆ. ಆ ಅಧ್ಯಾಯವನ್ನೇ ಹಿಡಿದು ಒಬ್ಬಳನ್ನು ಹೊರಹಾಕು ಎಂದು ಹೇಳುವುದು ಹೇಗೆ ಹೊಂದುತ್ತದೆ?

ಸಭೆಯ ನಾಯಕರು ಈ ತೊಡಕನ್ನು ಕಾಣದೆ ಇರಲಿಲ್ಲ. 1571ರಲ್ಲಿ ಐದನೆಯ ಪಿಯುಸ್ ಪೋಪರು, ಹಲವು ಹೆಂಡಂದಿರಿದ್ದವನು ತನ್ನೊಡನೆ ದೀಕ್ಷಾಸ್ನಾನ ಪಡೆಯುವವಳನ್ನು ಉಳಿಸಿಕೊಳ್ಳಬಹುದು ಎಂದರು. ಇಂದಿನ ಕಥೋಲಿಕ ಸಭಾಕಾನೂನು ಬಿಟ್ಟ ಹೆಂಡತಿಯ ಜೀವನಕ್ಕೆ ವ್ಯವಸ್ಥೆಯಾಗಬೇಕು ಎಂದು ಸೇರಿಸುತ್ತದೆ. ಕಲ್ಕತ್ತೆಯಲ್ಲಿ 19ನೇ ಶತಮಾನದ ಮೊದಲರ್ಧದಲ್ಲಿ ಬೇರೆಬೇರೆ ಮಿಷನ್‌ಗಳವರು ಕೂಡಿ ಚರ್ಚಿಸಿ ಬೇರೆಯೇ ತೀರ್ಮಾನಕ್ಕೆ ಬಂದರು: ಕ್ರೈಸ್ತನಾಗುವ ಮೊದಲೇ ಹಲವರನ್ನು ಮದುವೆಯಾದವನು ಎಲ್ಲರನ್ನೂ ಇಟ್ಟುಕೊಳ್ಳಲಿ, ಸಭೆಯ ಯಾವ ಹುದ್ದೆಯೂ ಅವನಿಗೆ ಬೇಡ. ಇದು ನಮ್ಮ ದೇಶದಲ್ಲಿ, ನಮ್ಮಂಥ ಮನೆಗಳನ್ನು ಕಂಡವರು ಹೇಳಿದ ಮಾತು. 1862ರಲ್ಲಿ ಆಫ್ರಿಕದ ನಟಾಲದ ಬಿಷಪ್ ಕೊಲೆನ್ಸೊ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಿಗೆ ಬರೆದ ಪತ್ರದ ವಾದವೂ ಇದೇ ಬಗೆಯದು. ಆದರೆ 1888ರ ಲ್ಯಾಂಬೆತ್ ಸಮ್ಮೇಳನದಲ್ಲಿ ಆಂಗ್ಲಿಕನ್ ಬಿಷಪ್ಪರು ಬಾಗಿಲು ಮುಚ್ಚಿದರು. ಬಹುಪತ್ನಿಕನಿಗೆ ದೀಕ್ಷಾಸ್ನಾನ ಬೇಡವೆಂಬ ಠರಾವಿಗೆ ಪರವಾಗಿ 83, ವಿರೋಧವಾಗಿ 21 ಮತ. ಅಂಥವನ ಹೆಂಡಂದಿರಿಗೆ ಕೆಲವು ಸಂದರ್ಭಗಳಲ್ಲಿ ಕೊಡಬಹುದೆಂಬ ಮಾತಿಗೆ 54 ಮತ್ತು 34. ಹೆಂಗಸರ ವಿಷಯಕ್ಕೆ ಬಂದಾಗ ಬಿಷಪ್ಪರ ಮನಸ್ಸು ಹೆಚ್ಚು ಒಡೆದಿತ್ತು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಸರಿಯಾಗಿ ನೂರು ವರ್ಷದ ಮೇಲೆ, 1988ರಲ್ಲಿ, ಅದೇ ಲ್ಯಾಂಬೆತ್ ತನ್ನ ಮಾತನ್ನು ತಿದ್ದಿಕೊಂಡಿತು: ನಂಬಿದ ಹೆಂಡಂದಿರು, ಮಕ್ಕಳ ಸಮೇತ ಅವನಿಗೆ ದೀಕ್ಷಾಸ್ನಾನ ಕೊಡಬಹುದು, ಅವರು ಬದುಕಿರುವವರೆಗೆ ಅವನು ಇನ್ನೊಂದು ಮದುವೆಯಾಗಕೂಡದು, ಸ್ಥಳೀಯ ಸಭೆ ಒಪ್ಪಿರಬೇಕು, ಸಮಾಜದಲ್ಲಿ ಅವರು ನಿರ್ಗತಿಕರಾಗುವರೆಂಬ ಕಾರಣಕ್ಕೆ ಯಾರನ್ನೂ ಬಿಡುವಂತೆ ಬಲವಂತ ಮಾಡಕೂಡದು. ಧಾರವಾಡದಲ್ಲಿ 1837ರಲ್ಲಿ ಬಾಸೆಲ್ ಮಿಷನ್ ಕಟ್ಟಿದ ಸಭೆಗಳು ಇಂದು ಆಂಗ್ಲಿಕನ್ ಬಳಗಕ್ಕೆ ಸೇರಿದ ದಕ್ಷಿಣ ಭಾರತ ಸಭೆಯ ಭಾಗವಾಗಿರುವುದರಿಂದ ಈ ಠರಾವು ನಮಗೆ ದೂರದ್ದಲ್ಲ. ಬೆಳಗಾವಿಯ ಕಡೆ 1904ರಲ್ಲಿ ಲಂಡನ್ ಮಿಷನ್‌ನಿಂದ ಮೆಥಡಿಸ್ಟರ ಕೈಗೆ ಬಂದ ಸಭೆಗಳಿಗೆ ಅದು ಕಟ್ಟಳೆಯಲ್ಲದಿದ್ದರೂ ಪಾಠವಾದೀತು.

ಬಾಗಿಲು ಮುಚ್ಚಿದ್ದು ಎಲ್ಲರಿಗೂ ಅಲ್ಲ ಎಂಬುದನ್ನೂ ಹೇಳಬೇಕು. ಜರ್ಮನಿಯ ಹೆಸ್ಸೆಯ ದೊರೆ ಫಿಲಿಪ್ ಮೊದಲ ಹೆಂಡತಿ ಇರುವಾಗಲೇ ಇನ್ನೊಬ್ಬಳನ್ನು ಮದುವೆಯಾಗಲು ಹೊರಟಾಗ, 1539ರ ಡಿಸೆಂಬರಿನಲ್ಲಿ ಲೂಥರ್ ಮತ್ತು ಮೆಲಾಂಕ್ತನ್ ಗುಟ್ಟಾಗಿ ಸಮ್ಮತಿ ಕೊಟ್ಟರು. ಮರುವರ್ಷ ಮದುವೆಯಾಯಿತು, ಗುಟ್ಟು ರಟ್ಟಾಯಿತು. ದೊರೆಗೆ ಹೊಸ ಹೆಂಡತಿಯನ್ನು ತರಲು ದಾರಿ ಸಿಕ್ಕಿತು. ಮುಂದೆ ಮಿಷನ್ ಕ್ಷೇತ್ರಗಳಲ್ಲಿ ಹೊಲದ ಕೂಲಿಯವನಿಗೆ ಇದ್ದ ಹೆಂಡತಿಯನ್ನೂ ಉಳಿಸಿಕೊಳ್ಳಲು ದಾರಿ ಇರಲಿಲ್ಲ. ಈ ವ್ಯತ್ಯಾಸ ನನ್ನನ್ನು ಬಹಳ ನೋಯಿಸುತ್ತದೆ.

ಹೆಂಡಂದಿರ ಬರೀ ಎಣಿಕೆ ಎಷ್ಟು ಕುರುಡು ಎಂಬುದಕ್ಕೆ ಸವದತ್ತಿಗಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಂಗಸಿಗೆ ಯಾವ ಗಂಡಸೂ ಗಂಡನಲ್ಲ. 1934ರ ಮುಂಬಯಿ ಕಾಯ್ದೆ, 1982ರ ಕರ್ನಾಟಕದ ಕಾಯ್ದೆ ಎರಡೂ ಆ ದೇವದಾಸಿ ಪದ್ಧತಿಯನ್ನು ನಿಷೇಧಿಸಿದವು, ಆದರೆ ಅಂಥವಳೊಡನೆ ವರ್ಷಗಟ್ಟಲೆ ಬಾಳಿ ಮಕ್ಕಳನ್ನು ಪಡೆದ ಗಂಡಸಿನ ಲೆಕ್ಕದಲ್ಲಿ ಅವಳು ಹೆಂಡತಿಯಾಗಿ ಬರುವುದೇ ಇಲ್ಲ. ಈಗ ಇಬ್ಬರು ಗಂಡಸರು ಸಭೆಗೆ ಬಂದರೆಂದು ತಿಳಿಯಿರಿ. ಒಬ್ಬನು ಹತ್ತು ಜನರೆದುರು ಇಬ್ಬರಿಗೆ ತಾಳಿ ಕಟ್ಟಿದವನು, ಒಂದೇ ಸೂರಿನಡಿ ಎರಡು ಒಲೆ ಹೂಡಿ ಇಬ್ಬರಿಗೂ ಜೋಳ ಅಳೆದು ಹಾಕುವವನು. ಇನ್ನೊಬ್ಬನಿಗೆ ಒಬ್ಬಳೇ ತಾಳಿಯ ಹೆಂಡತಿ. ಇಟ್ಟುಕೊಂಡವಳನ್ನು ನಿನ್ನೆ ಕೈಬಿಟ್ಟು ಬಂದಿದ್ದಾನೆ. ಎಣಿಸುವ ಪಾಸ್ಟರಿಗೆ ಎರಡನೆಯವನು ಸುಲಭ, ಪಶ್ಚಾತ್ತಾಪ ಹೇಳಿಸಿದರಾಯಿತು. ಮೊದಲನೆಯವನು ಮಾತ್ರ ಹೊರಗೆ. ಹೊಣೆ ಹೊತ್ತವನಿಗೆ ಶಿಕ್ಷೆ, ಹೊಣೆ ಕಳಚಿಕೊಂಡವನಿಗೆ ಪ್ರವೇಶ.

ನನ್ನ ಈ ವಾದಕ್ಕೆ ಮೊದಲ ಆಕ್ಷೇಪ ಕಾನೂನಿನದು. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದುದರಿಂದ 1946ರ ದ್ವಿಪತ್ನಿತ್ವ ನಿಷೇಧ ಕಾಯ್ದೆ ಆಗ ಸಂಪಗಾಂವ ತಾಲೂಕಿನಲ್ಲಿದ್ದ ಬೈಲಹೊಂಗಲ, ಕಿತ್ತೂರುಗಳಿಗೂ ಪರಸಗಡ ಎನಿಸಿಕೊಂಡಿದ್ದ ಸವದತ್ತಿಗೂ ಬಂತು. ಆ ಕಾಯ್ದೆಯನ್ನು ಪ್ರಶ್ನಿಸಿದ ನರಸು ಅಪ್ಪಾ ಮಾಲಿ ಪ್ರಕರಣದಲ್ಲಿ, ಮಗನಿಗಾಗಿ ಎರಡನೆಯ ಮದುವೆ ಧರ್ಮವೆಂಬ ವಾದಕ್ಕೆ 1951ರಲ್ಲಿ ಮುಖ್ಯ ನ್ಯಾಯಮೂರ್ತಿ ಚಾಗ್ಲಾ ಕೊಟ್ಟ ಉತ್ತರ, ದತ್ತಕ ಇದೆಯಲ್ಲ ಎಂಬುದು. ಕಿತ್ತೂರಿನ ದತ್ತಕವನ್ನು ಕಂಪನಿ ತಳ್ಳಿಹಾಕಿ 127 ವರ್ಷಗಳಾಗಿದ್ದವು. 1955ರ ಹಿಂದೂ ವಿವಾಹ ಕಾಯ್ದೆ ಎರಡನೆಯ ಮದುವೆಯನ್ನು ಅಸಿಂಧುವೆಂದಿತು. ಭಾರತೀಯ ಕ್ರೈಸ್ತರಿಗೆ 1872ರ ವಿವಾಹ ಕಾಯ್ದೆಯೇ ಜೀವಂತ ಸಂಗಾತಿ ಇರಕೂಡದೆಂದು ಷರತ್ತು ಹಾಕಿತ್ತು. ಹಾಗಾದರೆ ಇಂದು ಎರಡನೆಯವಳು ಕಾನೂನಿನ ಕಣ್ಣಿಗೆ ಹೆಂಡತಿಯೇ ಅಲ್ಲ, ಅವಳನ್ನು ಸಭೆ ಒಪ್ಪುವುದು ಹೇಗೆ? ನಾನು ಕೇಳುತ್ತಿರುವುದು ಅವಳ ಮದುವೆಯನ್ನು ಸಭೆ ನಡೆಸಿಕೊಡಲಿ ಎಂದಲ್ಲ. ದೀಕ್ಷಾಸ್ನಾನ ಮದುವೆಯ ನೋಂದಣಿಯಲ್ಲ. ಅವಳಿಗೂ ಅವಳ ಮಕ್ಕಳಿಗೂ ಸ್ನಾನ ಕೊಡಲು ಯಾವ ವಿವಾಹ ಕಾಯ್ದೆಯೂ ಅಡ್ಡಿ ಬರುವುದಿಲ್ಲ. ಅಲ್ಲದೆ ಕಾನೂನು ಕೂಡ ದ್ವಿಪತ್ನಿತ್ವದ ದೂರು ಕೊಡುವ ಹಕ್ಕನ್ನು ದಾರಿಹೋಕನಿಗೆ ಕೊಟ್ಟಿಲ್ಲ, ನೊಂದ ಸಂಗಾತಿಗೆ ಮತ್ತು ಅವಳ ಪರವಾಗಿ ಹತ್ತಿರದವರಿಗೆ ಕೊಟ್ಟಿದೆ. ಮೊದಲ ಹೆಂಡತಿ ಠಾಣೆಗೋ ಕೋರ್ಟಿಗೋ ಹೋಗುತ್ತೇನೆಂದರೆ ಸಮಾಧಾನದ ಹೆಸರಿನಲ್ಲಿ ಅವಳನ್ನು ತಡೆಯುವ ಅಧಿಕಾರ ಯಾವ ಪಾಸ್ಟರಿಗೂ ಇಲ್ಲ.

ಎರಡನೆಯ ಆಕ್ಷೇಪ ಹೀಗೆ ಬರುತ್ತದೆ: ಇದನ್ನು ಒಪ್ಪಿದರೆ ನಾಳೆ ಸಭೆಯೊಳಗಿನವರೇ ಅಬ್ರಹಾಮನ ಹೆಸರು ಹೇಳಿ ಇನ್ನೊಬ್ಬಳನ್ನು ತರುತ್ತಾರೆ. ಈ ಭಯ ಸುಳ್ಳಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಅಂಕಿಗಳಲ್ಲಿ ಗಂಡನಿಗೆ ಬೇರೆ ಹೆಂಡತಿಯೂ ಇದ್ದಾಳೆಂದ ಹೆಂಗಸರು ಹಿಂದೂಗಳಲ್ಲಿ ಶೇ. 1.3, ಮುಸ್ಲಿಮರಲ್ಲಿ ಶೇ. 1.9, ಕ್ರೈಸ್ತರಲ್ಲಿ ಶೇ. 2.1. ಈ ಕೊನೆಯ ಅಂಕಿ ಹೆಚ್ಚಿರುವುದಕ್ಕೆ ಮೇಘಾಲಯದಂಥ ಈಶಾನ್ಯದ ರಾಜ್ಯಗಳು ಕಾರಣವಾದರೂ, ಇದು ಬೇರೆಯವರ ಮನೆಯ ಪ್ರಶ್ನೆ ಎನ್ನಲು ಬರುವುದಿಲ್ಲ. ಆದರೆ ಆಗಿಹೋದ ಮದುವೆಯೂ ಆಗಬೇಕೆಂದಿರುವ ಮದುವೆಯೂ ಒಂದೇ ಅಲ್ಲ. ಮೊದಲನೆಯದರಲ್ಲಿ ಬಿಡು ಎಂದರೆ ನೋಯುವವಳು ಹೆಂಗಸು. ಎರಡನೆಯದರಲ್ಲಿ ತಾ ಎಂದರೆ ನೋಯುವವಳೂ ಹೆಂಗಸೇ. ಯಾವ ಕಾರಣಕ್ಕೆ ಇದ್ದವಳನ್ನು ಹೊರಹಾಕಬೇಡ ಎನ್ನುತ್ತೇವೋ ಅದೇ ಕಾರಣಕ್ಕೆ ಇನ್ನೊಬ್ಬಳನ್ನು ತರಬೇಡ ಎನ್ನುತ್ತೇವೆ. ಹೊಸ ಮದುವೆಗೆ ಶಾಸ್ತ್ರಾಧಾರ ಹುಡುಕಿ ಬಂದ ವಿಶ್ವಾಸಿಯನ್ನು ಸಭೆಯಿಂದ ಅಟ್ಟಬೇಕಿಲ್ಲ, ಅವನೊಂದಿಗೆ ಸತ್ಯವೇದ ತೆರೆದು ಕೂರಬೇಕು. ಹಾಗರಳ ಅಧ್ಯಾಯವನ್ನು ಅವನ ಹೆಂಡತಿಯೂ ಜೊತೆಗೆ ಕೂತು ಕೇಳಬೇಕು. ಅವನ ಬಯಕೆಗೆ ಸಭೆ ಸಹಿ ಹಾಕುವಂತಿಲ್ಲ. ಮದುವೆಗೆ ಮುಂಚೆ ಎಷ್ಟೋ ಸಭೆಗಳಲ್ಲಿ ಮೂರು ಭಾನುವಾರ ಪ್ರಕಟಣೆ ಓದಿ, ಅಡ್ಡಿ ಇದ್ದವರು ಹೇಳಬಹುದು ಎಂದು ಕೇಳುವುದೂ, ಮದುವೆಯ ರಿಜಿಸ್ಟರಿನಲ್ಲಿ ಅವಿವಾಹಿತ, ವಿಧವೆ ಎಂದು ಸ್ಥಿತಿಯನ್ನು ಬರೆಸಲು ಒಂದು ಕಾಲಂ ಇರುವುದೂ ಇದಕ್ಕಾಗಿಯೇ.

ಉಳಿಯುವುದು ಎಲ್ಲಕ್ಕಿಂತ ಕಠಿಣವಾದ ಸಂದರ್ಭ. ಗಂಡ, ಎರಡನೆಯವಳು, ಮಕ್ಕಳು ಎಲ್ಲರೂ ದೀಕ್ಷಾಸ್ನಾನಕ್ಕೆ ಬಂದಿದ್ದಾರೆ. ಮೊದಲನೆಯವಳು ಬೈಲಹೊಂಗಲದ ಹಳ್ಳಿಯೊಂದರ ತವರಿನಲ್ಲಿ ಕೂತಿದ್ದಾಳೆ, ನನ್ನನ್ನು ಯಾರೂ ಕೇಳಲಿಲ್ಲ ಎನ್ನುತ್ತಾಳೆ. ಅವಳು ಕ್ರೈಸ್ತಳಲ್ಲದಿರಬಹುದು, ಸಭೆಗೆ ಅವಳ ಮೇಲೆ ಅಧಿಕಾರವೂ ಇಲ್ಲ. ಹಾಗಿದ್ದರೂ ಹಿರಿಯರು ಅವಳ ತವರಿಗೆ ಹೋಗಬೇಕು, ಸಭೆಯ ಒಬ್ಬ ಹೆಂಗಸನ್ನು ಜೊತೆಗೆ ಕರೆದುಕೊಂಡು. ಹೊಲದ ಪಾಲು, ಜೀವನಾಂಶ, ಮಕ್ಕಳ ಓದು, ಇವುಗಳಲ್ಲಿ ಅವಳಿಗೆ ಸಲ್ಲಬೇಕಾದದ್ದು ಏನು ಬಾಕಿ ಇದೆ ಎಂದು ಅವಳ ಬಾಯಿಂದಲೇ ಕೇಳಿಕೊಳ್ಳಬೇಕು. ಎರಡನೆಯವಳಿಗೂ ಮಕ್ಕಳಿಗೂ ಸ್ನಾನವನ್ನು ತಡೆಯಬಾರದು. ಗಂಡ ಮಾತ್ರ ಆ ಬಾಕಿ ತೀರಿಸುವವರೆಗೆ ಕಾಯಬೇಕು.