ನೋವನ್ನು ಮುಚ್ಚಿಡುವುದು ತಿತಿಕ್ಷೆಯೇ?

ಶಾಖಾಮಠದ ಭೋಜನಶಾಲೆಯಲ್ಲಿ ಎಲೆ ಹಾಕುವಾಗ ಗೋಡೆಯ ಬದಿಗೆ ಮೇಜು ಕುರ್ಚಿಗಳ ಸಾಲೊಂದನ್ನು ಇಡುವ ರೂಢಿ ಈಗ ಬಂದಿದೆ. ನೆಲದ ಮೇಲೆ ಕುಳಿತು ಏಳಲಾರದ ಹಿರಿಯರಿಗಾಗಿ ಮಾಡಿದ ವ್ಯವಸ್ಥೆ ಅದು. ಹಿಂದೆ ಎರಡು ಮೂರು ಕುರ್ಚಿಗಳಿದ್ದರೆ ಸಾಕಾಗುತ್ತಿತ್ತು. ಈಗ ಆ ಸಾಲಿನಲ್ಲಿ ಸ್ಥಳ ಸಿಕ್ಕುವುದೇ ಕಷ್ಟ. ಅಲ್ಲಿ ಕುಳಿತವರಲ್ಲಿ ನಾಲ್ಕಾರು ಮಂದಿಯಾದರೂ ಮೊಣಕಾಲಿನ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಅವರ ಮಾತುಕತೆಗೆ ಕಿವಿಗೊಟ್ಟರೆ ಆಸ್ಪತ್ರೆ, ವೆಚ್ಚ, ವಿಮೆ, ವೈದ್ಯರ ಕೈಗುಣ ಎಲ್ಲವೂ ಬರುತ್ತವೆ. ನೋವಿನ ಮಾತು ಮಾತ್ರ ಬರುವುದಿಲ್ಲ. ಬಂದರೂ "ಏನೋ, ಶ್ರೀಹರಿ ದಾಟಿಸಿದ" ಎಂಬಲ್ಲಿಗೆ ಮುಗಿಯುತ್ತದೆ.

ಈ ಮೌನಕ್ಕೆ ನಮ್ಮ ಮನೆಗಳಲ್ಲಿ ಸಹನೆಯೆಂದು ಹೆಸರು. ಶಾಸ್ತ್ರ ಬಲ್ಲವರು ತಿತಿಕ್ಷೆ ಎನ್ನುತ್ತಾರೆ. ನಾನೂ ಹಾಗೆಯೇ ನಂಬಿದ್ದವನು. 2023ರಲ್ಲಿ ನನ್ನ ಪತ್ನಿಯ ಬಲಮೊಣಕಾಲಿಗೆ ಈ ಶಸ್ತ್ರಚಿಕಿತ್ಸೆಯಾದ ಮೇಲೆ ನಡೆದ ಕೆಲವು ಸಂಗತಿಗಳು ಆ ನಂಬಿಕೆಯನ್ನು ಅಲುಗಾಡಿಸಿದವು. ಅವುಗಳಲ್ಲಿ ನನ್ನ ತಪ್ಪೂ ಸೇರಿರುವುದರಿಂದ ವಾಚಕರ ಮುಂದಿಡಲು ಸಂಕೋಚವಾಗುತ್ತದೆ. ಆದರೆ ಬರೆಯಿರೆಂದು ಅವಳೇ ಅಪ್ಪಣೆ ಕೊಟ್ಟಿದ್ದಾಳೆ.

ಚಿಕಿತ್ಸೆಯ ವಿಷಯ ಹೆಚ್ಚು ಹೇಳಬೇಕಾದ್ದಿಲ್ಲ. ಪ್ರಧಾನಿಯಾಗಿದ್ದ ಅಟಲ್ ಬಿಹಾರಿ ವಾಜಪೇಯಿಯವರು 2000ದ ಅಕ್ಟೋಬರಿನಲ್ಲಿ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಒಂದು ಕಾಲಿಗೂ ಮರುವರ್ಷ ಇನ್ನೊಂದು ಕಾಲಿಗೂ ಇದನ್ನು ಮಾಡಿಸಿಕೊಂಡಾಗಲೇ ಇದು ದೇಶದಲ್ಲಿ ಮನೆಮಾತಾಯಿತು. 2017ರ ಆಗಸ್ಟಿನಲ್ಲಿ ಸರ್ಕಾರವು ಕೃತಕ ಕೀಲುಗಳ ಬೆಲೆಗೆ ಮಿತಿ ಹಾಕಿದ ಬಳಿಕ ನಿವೃತ್ತಿವೇತನದವರೂ ಧೈರ್ಯ ಮಾಡಿದರು. ಸವೆದುಹೋದ ಮೂಳೆಯ ತುದಿಗಳನ್ನು ಕತ್ತರಿಸಿ ಲೋಹದ ಹೊದಿಕೆ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆಯೊಂದನ್ನು ಇಡುತ್ತಾರೆ. ಅದು ವೈದ್ಯರ ಕೆಲಸ. ಹೆಚ್ಚೆಂದರೆ ಎರಡು ಗಂಟೆಯದು. ಅನಂತರದ ಕೆಲಸ ರೋಗಿಯದು, ತಿಂಗಳುಗಟ್ಟಲೆಯದು. ಬಾವು ಇಳಿಯದ ಕಾಲನ್ನು ದಿನಕ್ಕೆ ಮೂರು ನಾಲ್ಕು ಬಾರಿ ಮಡಚಬೇಕು, ನೀಟಾಗಿ ಚಾಚಬೇಕು. ಮಡಚದಿದ್ದರೆ ಒಳಗಿನ ಗಾಯದ ಕಲೆ ಗಟ್ಟಿಯಾಗಿ ಕೀಲನ್ನು ಬಿಗಿದುಬಿಡುತ್ತದೆ. ಮೊದಲ ಎರಡು ಮೂರು ವಾರ ನೋವು ಕಠಿಣವಾಗಿರುತ್ತದೆ, ರಾತ್ರಿಯಲ್ಲಂತೂ ಹೆಚ್ಚು.

ನಮ್ಮದು ಡೊಂಬಿವಲಿಯಲ್ಲಿ ಎರಡು ಕೋಣೆಯ ಮನೆ. ಮಗ ಬೆಳಗಿನ ಜಾವ ಎದ್ದು ಲೋಕಲ್ ಹಿಡಿಯಬೇಕಾದವನು, ಸೊಸೆಯೂ ನೌಕರಿಗೆ ಹೋಗುವವಳು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ದಿನವೂ ಕೇಳುತ್ತಿದ್ದಳು: ಸೊನ್ನೆಯೆಂದರೆ ನೋವಿಲ್ಲ, ಹತ್ತೆಂದರೆ ತಡೆಯಲಾರದ್ದು, ಇಂದು ಎಷ್ಟು? ಪತ್ನಿಯ ಉತ್ತರ ಯಾವಾಗಲೂ "ಎರಡು". "ಆಜೀ, ಖರಂ ಸಾಂಗಾ" ಎನ್ನುತ್ತಿದ್ದಳು ಆಕೆ, ಅಜ್ಜಿ, ನಿಜ ಹೇಳಿ ಎಂದು. ಇವಳು ನಕ್ಕು ಮತ್ತೆ "ದೋನ್" ಎನ್ನುತ್ತಿದ್ದಳು. ಕಾರ್ಡಿನಲ್ಲಿ ಎರಡು, ಎರಡು, ಎರಡು ಎಂದೇ ತುಂಬಿತು. ನಾನು ಧಾರವಾಡದ ಬಂಧುಗಳಿಗೆ ಫೋನಿನಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ: "ಒಂದು ಸಲವೂ ಅಮ್ಮಾ ಎಂದಿಲ್ಲ, ನೋಡಿ."

ಮೂರನೆಯ ವಾರದ ಒಂದು ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಅವಳು ಮಂಚದ ಅಂಚಿನಲ್ಲಿ ಕುಳಿತಿದ್ದಳು. ಸೆರಗನ್ನು ಮುದ್ದೆ ಮಾಡಿ ಬಾಯಲ್ಲಿಟ್ಟುಕೊಂಡು ಕಚ್ಚಿ ಹಿಡಿದಿದ್ದಳು. ನಾನು ದೀಪ ಹಾಕಿದೆ. "ಆರಿಸಿರಿ, ಮಗ ಏಳುತ್ತಾನೆ" ಎಂದಳು. ನಾನು ದೀಪ ಆರಿಸಿ ಮಲಗಿದೆ. ನಿದ್ದೆ ಬರುವ ಮೊದಲು ನನ್ನ ಮನಸ್ಸಿನಲ್ಲಿ ಮೂಡಿದ ಭಾವ ಇಂದಿಗೂ ನೆನಪಿದೆ. ಎಂಥ ಸಹನೆ ಇವಳದು ಎಂದುಕೊಂಡೆ!

ಏಳನೆಯ ವಾರದಲ್ಲಿ ವೈದ್ಯರು ಕೋನಮಾಪಕವಿಟ್ಟು ನೋಡಿದಾಗ ಕಾಲು 65 ಡಿಗ್ರಿಯಷ್ಟೇ ಮಡಚಿತು. ಕುರ್ಚಿಯಿಂದ ಸರಾಗವಾಗಿ ಏಳಲು 90ಕ್ಕಿಂತ ತುಸು ಹೆಚ್ಚೇ ಬೇಕು. ಪೂರ್ಣವಾಗಿ ಚಾಚಲೂ ಬರುತ್ತಿರಲಿಲ್ಲ. ವೈದ್ಯರು ಕಾರ್ಡನ್ನು ತಿರುವಿ ಹಾಕಿ, "ಇಷ್ಟು ಕಡಿಮೆ ನೋವೆಂದು ಬರೆಸಿದವರ ಕಾಲು ಇಷ್ಟೊಂದು ಬಿಗಿದಿದೆಯಲ್ಲ?" ಎಂದರು. ಆಗ ಒಂದೊಂದಾಗಿ ನಿಜ ಹೊರಬಂದಿತು. ನೋವು ಎರಡೇ ಎಂಬ ಲೆಕ್ಕದಲ್ಲಿ ಮಾತ್ರೆಗಳನ್ನು ಬೇಗನೆ ಇಳಿಸಿದ್ದರು. ಇಳಿಸಿದವುಗಳಲ್ಲಿಯೂ ಇವಳು ಅರ್ಧ ನುಂಗಿರಲಿಲ್ಲ. ಬರಿಹೊಟ್ಟೆಯಲ್ಲಿ ನುಂಗಬಾರದೆಂದಿದ್ದ ಮಾತ್ರೆ ಏಕಾದಶಿಗೆ ತಪ್ಪಿತ್ತು. ಚಟವಾದೀತೆಂದು ರಾತ್ರಿಯದು ತಪ್ಪಿತ್ತು. ಪ್ರಾರಬ್ಧವನ್ನು ಅನುಭವಿಸಿಯೇ ತೀರಿಸೋಣವೆಂದು ಉಳಿದದ್ದು ತಪ್ಪಿತ್ತು. ಮಾತ್ರೆಯಿಲ್ಲದ ಕಾಲನ್ನು ಮಡಚಲು ಹೋದರೆ ಜೀವ ಹೋಗುವಂತಾಗುತ್ತಿತ್ತು. ಆದ್ದರಿಂದ ಯಾರೂ ನೋಡದಿದ್ದಾಗ ವ್ಯಾಯಾಮವೂ ತಪ್ಪಿತ್ತು.

ಪ್ರಾರಬ್ಧದ ಮಾತನ್ನು ಮೊದಲು ನೋಡೋಣ. ಅನುಭವಿಸದೆ ತೀರದ ಕರ್ಮವೆಂಬುದುಂಟೆಂದು ನಾವೆಲ್ಲ ಒಪ್ಪುತ್ತೇವೆ. ಆದರೆ ಹಸಿವೂ ಪ್ರಾರಬ್ಧದಿಂದಲೇ ಬಂದದ್ದು. ಅದಕ್ಕೆ ಅನ್ನ ಬಡಿಸುವುದನ್ನು ಯಾರೂ ಕರ್ಮದೊಡನೆ ಜಗಳವೆಂದು ಭಾವಿಸುವುದಿಲ್ಲ. ನೋವನ್ನು ತಂದ ಕರ್ಮವೇ ವೈದ್ಯನನ್ನೂ ಮಾತ್ರೆಯನ್ನೂ ಮನೆಯ ಬಾಗಿಲಿಗೆ ತಂದಿದೆಯಲ್ಲವೆ? ವ್ರತವನ್ನು ಕೆಡಿಸದ ಎಂಟು ಸಂಗತಿಗಳನ್ನು ಹಿರಿಯರು ಎಣಿಸುವಾಗ ಅವುಗಳಲ್ಲಿ ಔಷಧವೂ ಒಂದು. ಅಶಕ್ತರ ಏಕಾದಶಿ ಹೇಗಿರಬೇಕೆಂದು ಮಠದಲ್ಲಿ ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ನಾವು ಕೇಳಲಿಲ್ಲ. ಇನ್ನು ದೇಹವನ್ನು ಹಟದಿಂದ ಪೀಡಿಸಿ ಮಾಡುವ ತಪಸ್ಸನ್ನು ಗೀತೆಯ ಹದಿನೇಳನೆಯ ಅಧ್ಯಾಯವು ತಾಮಸದ ಸಾಲಿಗೆ ಸೇರಿಸಿದೆಯೆಂಬುದನ್ನು ನಾನು ಎಷ್ಟು ಸಲ ಪಾರಾಯಣ ಮಾಡಿದ್ದೆನೋ ಲೆಕ್ಕವಿಲ್ಲ.

ತಿತಿಕ್ಷೆಯ ಮಾತು ಬರುವುದು ಅದೇ ಗೀತೆಯ ಎರಡನೆಯ ಅಧ್ಯಾಯದಲ್ಲಿ. ಶೀತೋಷ್ಣಗಳು, ಸುಖದುಃಖಗಳು ಬಂದು ಹೋಗುವಂಥವು, ಸಹಿಸಿಕೋ ಎಂದು ಭಗವಂತ ಹೇಳಿದ್ದು ಯಾರಿಗೆ, ಯಾವಾಗ? ಬಿಲ್ಲನ್ನು ಬಿಸುಟು ರಥದಲ್ಲಿ ಕುಸಿದು ಕುಳಿತಿದ್ದವನಿಗೆ, ಅವನು ಎದ್ದು ತನ್ನ ಕೆಲಸ ಮಾಡಲೆಂದು. ಸುಮ್ಮನೆ ಬಿದ್ದಿರಲು ಹೇಳಿದ ಮಾತಲ್ಲ ಅದು. ಆ ದೃಷ್ಟಿಯಿಂದ ನೋಡಿದರೆ ಮೊಣಕಾಲಿನ ತಿತಿಕ್ಷೆ ಯಾವುದು? ಮಾತ್ರೆ ನುಂಗಿ, ಅರ್ಧ ಗಂಟೆ ಬಿಟ್ಟು, ಹಲ್ಲುಕಚ್ಚಿ ಕಾಲನ್ನು ಇನ್ನೈದು ಡಿಗ್ರಿ ಬಗ್ಗಿಸುವುದು. ಮಾತ್ರೆ ಬಿಟ್ಟು, ಕಾಲನ್ನು ಅಲುಗಿಸದೆ ಇರುಳೆಲ್ಲ ಸೆರಗು ಕಚ್ಚುವುದರಲ್ಲಿ ನೋವು ಹೆಚ್ಚಿದೆ, ನಿಜ. ಆದರೆ ಅದರಿಂದ ಕಾಲು ನಡೆಯುವುದಿಲ್ಲ.

ಆ ರಾತ್ರಿಯನ್ನು ನೆನೆದಾಗಲೆಲ್ಲ ನನಗೆ ಕರ್ಣನ ಕಥೆ ನೆನಪಾಗುತ್ತದೆ. ಪರಶುರಾಮದೇವರು ಶಿಷ್ಯನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ ಹುಳವೊಂದು ಆ ತೊಡೆಯನ್ನು ಕೊರೆಯಿತು. ಗುರುಗಳ ನಿದ್ದೆ ಕೆಡಬಾರದೆಂದು ಕರ್ಣ ಅಲುಗಾಡದೆ ಕುಳಿತ. ಮಕ್ಕಳಿಗೆ ಇದನ್ನು ಸಹನೆಯ ಕಥೆಯೆಂದು ಹೇಳುತ್ತೇವೆ. ಕಥೆ ಅಲ್ಲಿಗೆ ನಿಲ್ಲುವುದಿಲ್ಲವಲ್ಲ. ರಕ್ತ ತಗುಲಿ ಎದ್ದ ಗುರುಗಳು, ಇಷ್ಟು ನೋವನ್ನು ಸದ್ದಿಲ್ಲದೆ ನುಂಗಿದವನು ಬ್ರಾಹ್ಮಣನಿರಲಾರನೆಂದು ಗುರುತಿಸಿದರು. ಮುಚ್ಚಿಟ್ಟ ನೋವೇ ಮುಚ್ಚಿಟ್ಟ ಸುಳ್ಳನ್ನು ಹೊರಗೆಳೆಯಿತು, ಶಾಪ ಬಂದಿತು. ಕರ್ಣನಿಗೆ ಹೋಲಿಸಿದ್ದಕ್ಕೆ ಪತ್ನಿ ಮುನಿದಳೆಂಬುದು ಬೇರೆ ಮಾತು. ಆದರೆ ಮಲಗಿದವರ ನಿದ್ದೆಗಾಗಿ ಅವಳು ಮಾಡಿದ್ದೂ ಅದನ್ನೇ. ಮತ್ತು ಮಗನಿಗೆ ವಿಷಯ ತಿಳಿದಾಗ ಅವನು ಹೇಳಿದ್ದು ಒಂದೇ ಮಾತು: "ನನ್ನನ್ನು ಎಬ್ಬಿಸಬೇಕೆಂದು ನಿಮ್ಮಿಬ್ಬರಿಗೂ ಅನ್ನಿಸಲಿಲ್ಲವೆ?" ಅವನಿಗೆ ಅವಮಾನವಾಗಿತ್ತು. ತಾಯಿಯ ಸೇವೆಗೆ ತಾನು ಅಯೋಗ್ಯನೆಂದು ನಾವು ತೀರ್ಮಾನಿಸಿದಂತೆ ಅವನಿಗೆ ತೋರಿತ್ತು.

ಇಲ್ಲಿ ಶ್ರೀಮದಾಚಾರ್ಯರ ಸಿದ್ಧಾಂತದ ಒಂದು ಅಂಶವನ್ನು ನೆನೆಯದಿರಲಾರೆ. ಸುಖದುಃಖಗಳನ್ನು ನೇರವಾಗಿ ಅರಿಯುವುದು ಸಾಕ್ಷಿ. ಅದು ಜೀವಸ್ವರೂಪವೇ ಆದ ಇಂದ್ರಿಯ. ಹೊರಗಣ್ಣು ಹಗ್ಗವನ್ನು ಹಾವೆಂದು ತಿಳಿದೀತು; ಸಾಕ್ಷಿಯ ಅನುಭವದಲ್ಲಿ ಅಂಥ ಭ್ರಮೆಗೆ ಎಡೆಯಿಲ್ಲ. ನೋವಾಗುತ್ತಿದೆಯೆಂದು ಅನುಭವಿಸುವವನಿಗೆ ನೋವು ನಿಜವಾಗಿಯೂ ಆಗುತ್ತಿದೆ. ಜೀವಜೀವರಿಗೆ ಭೇದವಿರುವುದರಿಂದ ಮತ್ತೊಬ್ಬನ ನೋವನ್ನು ಅಳೆಯುವ ಸಾಧನ ನನ್ನ ಬಳಿಯಿಲ್ಲ. ಅವನ ಮಾತೊಂದೇ ನನಗೆ ಆಧಾರ. ನೋವಿನ ಅಧ್ಯಯನಕ್ಕೆಂದೇ ಇರುವ ವೈದ್ಯರ ಅಂತರರಾಷ್ಟ್ರೀಯ ಸಂಘವು 1979ರ ತನ್ನ ವ್ಯಾಖ್ಯೆಯನ್ನು 2020ರಲ್ಲಿ ಪರಿಷ್ಕರಿಸಿದಾಗ, ನೋವು ಯಾವಾಗಲೂ ವೈಯಕ್ತಿಕ ಅನುಭವವೆಂದೂ ನೋವಾಗುತ್ತಿದೆ ಎಂದವರ ಮಾತನ್ನು ಮನ್ನಿಸಬೇಕೆಂದೂ ಟಿಪ್ಪಣಿ ಸೇರಿಸಿದ್ದು ಇದಕ್ಕೆ ಹತ್ತಿರವಾದದ್ದೇ. ಹಾಗಿದ್ದ ಮೇಲೆ ಸಾಕ್ಷಿಯು ಎಂಟೆಂದು ತೋರಿಸಿದ್ದನ್ನು ನಾಲಗೆಯು ಎರಡೆಂದು ನುಡಿದರೆ ಅದನ್ನು ಏನೆಂದು ಕರೆಯಬೇಕು? ಸಹನೆಯೆಂದು ಕರೆದು ನಾನು ಅದಕ್ಕೆ ಗೌರವ ಕೊಟ್ಟೆ. ಅದು ಅಸತ್ಯವೇ ಆಗಿತ್ತು. ಪ್ರೀತಿಯಿಂದ ಹೇಳಿದ ಅಸತ್ಯ. ವೈದ್ಯರು ಆ ಅಸತ್ಯಕ್ಕೆ ಚಿಕಿತ್ಸೆ ಮಾಡಿದರು, ನೋವಿಗಲ್ಲ.

ಇದಕ್ಕೆ ವಿರುದ್ಧವಾದ ದೋಷವೂ ಇಲ್ಲದಿಲ್ಲ. ಮನೆಯವರೆಲ್ಲ ತಮ್ಮ ಮೊಣಕಾಲಿನ ಸುತ್ತ ಪ್ರದಕ್ಷಿಣೆ ಬರುವಂತೆ ಮಾಡಿಕೊಂಡ ಹಿರಿಯರನ್ನೂ ಕಂಡಿದ್ದೇನೆ. ಆದರೆ ನಮ್ಮ ಮನೆಗಳ ಹೆಂಗಸರಲ್ಲಿ ಆ ದೋಷ ವಿರಳ.

ದಿಂಬಿನ ವಿಷಯ ಹೇಳಲು ಮರೆತೆ. ರಾತ್ರಿ ಮೊಣಕಾಲಿನ ಕೆಳಗೆ ಮೆತ್ತನೆಯ ದಿಂಬನ್ನಿಟ್ಟರೆ ಕಾಲು ತುಸು ಬಾಗಿ ನೋವು ಬಹಳ ಕಡಿಮೆಯಾಗುತ್ತದೆ. ಇಡಬೇಡಿರೆಂದು ಎಲ್ಲ ವೈದ್ಯರೂ ಎಚ್ಚರಿಸುತ್ತಾರೆ. ಏಕೆಂದರೆ ಬಾಗಿದ ಕಾಲು ಹಾಗೆಯೇ ಬಿಗಿದುಕೊಂಡು ಮತ್ತೆ ನೆಟ್ಟಗಾಗುವುದಿಲ್ಲ. ಇಡುವುದಿದ್ದರೆ ಹಿಮ್ಮಡಿಯ ಕೆಳಗಿಟ್ಟು ಮೊಣಕಾಲನ್ನು ತನ್ನ ಭಾರದಿಂದಲೇ ಚಾಚಲು ಬಿಡಬೇಕು. ಕಠೋಪನಿಷತ್ತಿನ ಶ್ರೇಯಸ್ಸು ಪ್ರೇಯಸ್ಸುಗಳನ್ನು ಉಪನ್ಯಾಸಗಳಲ್ಲಿ ಎಷ್ಟೋ ಬಾರಿ ಕೇಳಿದ್ದೆ. ಒಂದೇ ದಿಂಬು ಮೊಣಕಾಲಿನ ಕೆಳಗಿದ್ದರೆ ಪ್ರೇಯಸ್ಸು, ಗೇಣುದ್ದ ಆಚೆ ಹಿಮ್ಮಡಿಯ ಕೆಳಗಿದ್ದರೆ ಶ್ರೇಯಸ್ಸು ಎಂದು ಯಾರೂ ಹೇಳಿರಲಿಲ್ಲ! ಮಾತ್ರೆಯನ್ನು ಬಿಡಿಸಿದ್ದ ಹಟವೇ ಆ ದಿಂಬನ್ನು ತಂದಿತ್ತೆಂಬುದನ್ನು ಗಮನಿಸಬೇಕು. ಸಲ್ಲುವ ಉಪಶಮನವನ್ನು ಬೇಡವೆಂದವರು ಸಲ್ಲದ ಉಪಶಮನವನ್ನು ಹುಡುಕಿಕೊಳ್ಳುತ್ತಾರೆ.

ಎಂಟನೆಯ ವಾರದಲ್ಲಿ ಅರಿವಳಿಕೆ ಕೊಟ್ಟು, ಕೊಯ್ಯದೆಯೇ, ಕಾಲನ್ನು ಬಲವಾಗಿ ಮಡಚಿ ಒಳಗಿನ ಬಿಗಿತವನ್ನು ಬಿಡಿಸಬೇಕಾಯಿತು. ಅದರ ಮರುದಿನದಿಂದ ವ್ಯಾಯಾಮ ಮೊದಲಿನಿಂದ ಆರಂಭ. ಈ ಬಾರಿ ಮಾತ್ರೆಗಳ ಪಟ್ಟಿಯನ್ನು ಸೊಸೆ ದೇವರ ಕೋಣೆಯ ಬಾಗಿಲಿಗೆ ಅಂಟಿಸಿದಳು. ರಕ್ತದೊತ್ತಡ ಇರುವುದರಿಂದ ಯಾವುದನ್ನು ಎಷ್ಟು ದಿನವೆಂಬುದನ್ನು ವೈದ್ಯರೇ ಬರೆದುಕೊಟ್ಟರು. ಮೀನಖಂಡದಲ್ಲಿ ಹೊಸ ನೋವು, ಊತ, ಜ್ವರ, ಉಸಿರಿನ ತೊಂದರೆ ಕಂಡರೆ ಸಹಿಸುತ್ತ ಕೂರದೆ ಅದೇ ಗಳಿಗೆಯಲ್ಲಿ ತಿಳಿಸಬೇಕೆಂದೂ ಹೇಳಿದರು. ರಕ್ತ ಹೆಪ್ಪುಗಟ್ಟಿದರೆ, ನಂಜಾದರೆ ಬರುವ ಲಕ್ಷಣಗಳವು. ವ್ಯಾಯಾಮದ ಬಳಿಕ ಹದಿನೈದು ನಿಮಿಷ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯ ಚೀಲ ಇಡುವುದು ನನ್ನ ಪಾಲಿನ ಕೆಲಸವಾಯಿತು. ಕಾರ್ಡಿನಲ್ಲಿ ಮೊದಲ ದಿನ "ಎಂಟು" ಎಂದು ಬರೆಸಿದಾಗ ಆ ಹುಡುಗಿಯ ಕಣ್ಣು ಅರಳಿತು.

ಕಾಲು ಈಗ 105 ಡಿಗ್ರಿ ಮಡಚುತ್ತದೆ. ನೆಲಕ್ಕೆ ಕುಳಿತು ರಂಗೋಲಿ ಹಾಕುವುದು ನಿಂತಿತು. ತುಳಸಿಗೆ ನಿಂತೇ ನಮಸ್ಕಾರ. ಮೆಟ್ಟಿಲಿಳಿಯುವಾಗ ಒಂದು ಸೆಳೆತ ಉಳಿದೇ ಇದೆ. ಈ ಚಿಕಿತ್ಸೆ ಮಾಡಿಸಿಕೊಂಡ ಎಲ್ಲರಿಗೂ ಪೂರ್ಣ ತೃಪ್ತಿ ದೊರೆಯುವುದಿಲ್ಲ. ಐವರಲ್ಲಿ ಒಬ್ಬರಷ್ಟು ಮಂದಿಗೆ ಏನಾದರೊಂದು ಕೊರತೆ ಉಳಿಯುತ್ತದೆಂದು ವೈದ್ಯರೇ ಹೇಳುತ್ತಾರೆ. ಮಾಡಬೇಕಾದ್ದನ್ನೆಲ್ಲ ಮಾಡಿದ ಮೇಲೂ ಉಳಿಯುವ ಆ ಸೆಳೆತವನ್ನು ಅವಳು ಈಗ ಗೊಣಗದೆ ಸಹಿಸುತ್ತಾಳೆ. ಎಷ್ಟಿದೆಯೆಂದು ಕೇಳಿದರೆ ಮುಚ್ಚಿಡುವುದಿಲ್ಲ. ತಿತಿಕ್ಷೆಯೆಂಬ ಮಾತನ್ನು ನಾನು ಈಗ ಬಳಸುವುದಿದ್ದರೆ ಇದಕ್ಕೆ ಬಳಸುತ್ತೇನೆ.

ಕಳೆದ ತಿಂಗಳು ಮಠದ ಆ ಕುರ್ಚಿಗಳ ಸಾಲಿನಲ್ಲಿ ಒಬ್ಬ ಹಿರಿಯ ಮಹಿಳೆ ನಮ್ಮ ಪಕ್ಕದಲ್ಲಿ ಕುಳಿತಿದ್ದರು. ಮುಂದಿನ ವಾರ ಅವರಿಗೆ ಶಸ್ತ್ರಚಿಕಿತ್ಸೆ. "ತುಂಬಾ ನೋವಾಗುತ್ತದೆಯೇನು?" ಎಂದು ಮೆಲ್ಲನೆ ಕೇಳಿದರು. ಏನೂ ಇಲ್ಲ ಬಿಡಿ, ಹರಿ ನಡೆಸುತ್ತಾನೆ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಹೇಳಿದಳು: "ಆಗುತ್ತದೆ. ಮೊದಲ ಮೂರು ವಾರ ರಾತ್ರಿ ನಿದ್ದೆ ಬರುವುದಿಲ್ಲ. ಮನೆಯಲ್ಲಿ ಮಗ ಇದ್ದಾನಷ್ಟೆ? ಎಬ್ಬಿಸಿ."