ತುಳಸಿ ಸಾಧುವೇ?

ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವವರು ತುಳಸಿಯನ್ನು ತೋರಿಸುವುದುಂಟು. ನಿಂತಲ್ಲೇ ನಿಂತಿರುತ್ತದೆ, ಕಿತ್ತರೂ ಪರಿಮಳವನ್ನೇ ಕೊಡುತ್ತದೆ, ಹಾಗಿರಬೇಕಮ್ಮಾ ಎನ್ನುತ್ತಾರೆ. ವಿಜ್ಞಾನ ಪಾಠ ಮಾಡುವ ನನಗೆ ಈ ಮಾತು ಕೇಳಿದಾಗಲೆಲ್ಲ ನಗು ಬರುತ್ತದೆ. ಆ ಪರಿಮಳ ನಮಗಾಗಿ ಇಟ್ಟ ಕಾಣಿಕೆಯಲ್ಲ. ಎಲೆಯ ಮೇಲೆ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಪುಟ್ಟ ಎಣ್ಣೆಚೀಲಗಳಿವೆ. ಹುಳು ಬಾಯಿ ಹಾಕಿದೊಡನೆ ಅವು ಒಡೆಯುತ್ತವೆ. ಒಳಗಿರುವುದು ಹೆಚ್ಚಾಗಿ ಯೂಜಿನಾಲ್, ಹಲ್ಲುನೋವಿಗೆ ಹಚ್ಚುವ ಲವಂಗದೆಣ್ಣೆಯಲ್ಲಿರುವ ಅದೇ ವಸ್ತು. ನಮ್ಮ ದೊಡ್ಡ ದೇಹಕ್ಕೆ ಔಷಧಿ. ಎಳ್ಳುಕಾಳಿನಷ್ಟಿರುವ ಕೀಟಕ್ಕೆ ತಡೆಯಲಾರದ ಘಾಟು. ಓಡಲಾಗದ, ಕೈಯೆತ್ತಿ ಹೊಡೆಯಲಾಗದ ಗಿಡ ಇನ್ನು ಹೇಗೆ 'ಬೇಡ' ಎನ್ನಬೇಕು ಹೇಳಿ?

ಇಂಥ ವಸ್ತುಗಳು ಗಿಡದ ಕಸ ಎಂದೇ ಎಷ್ಟೋ ವಿಜ್ಞಾನಿಗಳು ಹಿಂದೆ ತಿಳಿದಿದ್ದರು. 1959ರಲ್ಲಿ ಗಾಟ್‌ಫ್ರೀಡ್ ಫ್ರೆಂಕೆಲ್ ಎಂಬ ಕೀಟವಿಜ್ಞಾನಿ, ಇವು ಇರುವುದೇ ಕೀಟಗಳನ್ನು ದೂರವಿಡಲು ಎಂದು ವಾದಿಸಿದರು. ಕಸವೆಂದುಕೊಂಡದ್ದು ಬಾಗಿಲ ಚಿಲಕವಾಗಿತ್ತು! ಚಿಲಕವೇನೂ ಪುಕ್ಕಟೆಯಲ್ಲ. ಬೆಳೆಯಲು ಬಳಸಬಹುದಾಗಿದ್ದ ಸಕ್ಕರೆಯನ್ನೇ ಗಿಡ ಅದಕ್ಕೆ ವೆಚ್ಚ ಮಾಡುತ್ತದೆ.

ಇಷ್ಟಾದರೂ ಕರಿಬೇವನ್ನು ನೋಡಿ. ಅದರ ಘಾಟಿಗೆ ಎಷ್ಟೋ ಕೀಟಗಳು ಹಿಮ್ಮೆಟ್ಟುತ್ತವೆ, ನಿಂಬೆ ಚಿಟ್ಟೆ ಮಾತ್ರ ಅದನ್ನೇ ಹುಡುಕಿಕೊಂಡು ಬರುತ್ತದೆ. ಮುಂಗಾಲಿನಿಂದ ಎಲೆ ತಟ್ಟಿ ರುಚಿ ನೋಡಿ ಮೊಟ್ಟೆಯಿಡುತ್ತದೆ. 'ಒಳಗೆ ಬರಬೇಡಿ' ಎಂಬ ಹಲಗೆಯನ್ನೇ ಮನೆಯ ವಿಳಾಸವೆಂದು ಓದಿಕೊಂಡ ಜಾಣೆ! ಅದರ ಹಸಿರು ಹುಳುವನ್ನು ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕೆಂಪು ಕೊಂಬು ಚಾಚಿ ಅದೂ ಘಾಟು ವಾಸನೆ ಬಿಡುತ್ತದೆ. ಅದಕ್ಕೂ ಜೀವದ ಭಯ ಇದೆಯಲ್ಲ.

ಇದರಲ್ಲಿ ತಪ್ಪು ಯಾರದು? ಗಿಡದ್ದೂ ಅಲ್ಲ, ಹುಳುವಿನದೂ ಅಲ್ಲ. ನನಗೆ ಒಪ್ಪಿಗೆಯಾಗದಿರುವುದು ನಮ್ಮ ಹೊಗಳಿಕೆ. ಗಿಡದ 'ಬೇಡ' ನಮ್ಮ ಮೂಗಿಗೆ ಹಿತವಾದ್ದರಿಂದ ಅದು ಸಾಧುವಾಯಿತು, ಪೂಜೆಗೂ ಬಂತು. ಮನೆಯ ಸೊಸೆ ಅದೇ 'ಬೇಡ'ವನ್ನು ಬಾಯಿಬಿಟ್ಟು ಹೇಳಿದರೆ ಘಾಟಿ ಹೆಂಗಸು ಎನ್ನುತ್ತೇವೆ. ಕೇಳುವವರಿಗೆ ಹಿತವಾದರೆ ಮಾತ್ರ ನಿರಾಕರಣೆ ಸದ್ಗುಣವೇ? ತುಳಸಿಯಂತಿರು ಎನ್ನುವವರು ಅದರ ಎಣ್ಣೆಚೀಲವನ್ನೂ ಸೇರಿಸಿ ಹೇಳಲಿ, ನನ್ನ ತಕರಾರಿಲ್ಲ.

ಹುಳುವಿನ ವಿಷಯಕ್ಕೆ ಬಂದರೆ, ಆಳೆತ್ತರದ ಕರಿಬೇವಿನಲ್ಲಿ ಕಂಡರೆ ಬಿಟ್ಟುಬಿಡುತ್ತೇನೆ. ಗೇಣುದ್ದದ ಸಸಿಯಲ್ಲಾದರೆ ಕಡ್ಡಿಯ ಮೇಲೆ ಹತ್ತಿಸಿಕೊಂಡು ದೊಡ್ಡ ಗಿಡಕ್ಕೆ ಸಾಗಿಸುತ್ತೇನೆ. ದಾರಿಯುದ್ದಕ್ಕೂ ಅದು ಕೊಂಬು ತೋರಿಸಿ ಬೈಯುತ್ತಿರುತ್ತದೆ. ಇಳಿಸಿ ಬರುವಾಗ ಒಗ್ಗರಣೆಗೆಂದು ನಾನೂ ಒಂದೆಸಳು ಮುರಿದುಕೊಳ್ಳುತ್ತೇನೆ.