ಡಬಲ್ಸ್ ಸಿಗುವ ಹೊತ್ತು

ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಇಳಿದುಕೊಂಡವರು ಹತ್ತಿರದಲ್ಲಿ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂದು ಹೋಟೆಲಿನ ಕೌಂಟರಿನಲ್ಲಿ ಕೇಳಿದರೆ, ಎ.ಸಿ. ಇರುವ ಒಂದೆರಡು ರೆಸ್ಟೊರೆಂಟುಗಳ ಹೆಸರು ಹೇಳುತ್ತಾರೆ. ಅವರನ್ನು ದೂರಿ ಫಲವಿಲ್ಲ. ಅತಿಥಿಯ ಹೊಟ್ಟೆ ಕೆಟ್ಟರೆ ಬೈಸಿಕೊಳ್ಳುವವರು ಅವರೇ ತಾನೆ! ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ಕಾವಲುಗಾರನನ್ನು ಹಿಡಿದು ‘ನೀವು ತಿಂಡಿ ಎಲ್ಲಿ ತಿನ್ನುತ್ತೀರಿ?’ ಎಂದು ಕೇಳುವುದು ವಾಸಿ. ಆ ಊರಲ್ಲಿ ಒಂದೊಂದು ತಿನಿಸಿಗೂ ಒಂದೊಂದು ಹೊತ್ತಿದೆ. ಹೊತ್ತು ಮೀರಿದರೆ ವಿಳಾಸ ಇಟ್ಟುಕೊಂಡು ಪ್ರಯೋಜನವಿಲ್ಲ.

ಬೆಳಗಿನ ಹೊತ್ತು ಡಬಲ್ಸ್‌ನದು. ಅರಿಶಿನ ಹಾಕಿ ಕಲಸಿದ ಹಿಟ್ಟಿನ, ಅಂಗೈಯಗಲದ ಎರಡು ಮೆತ್ತನೆಯ ‘ಬಾರಾ’ಗಳನ್ನು ಎಣ್ಣೆಯಲ್ಲಿ ಕರಿದು, ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಕಾಗದದ ಮೇಲೆ ಹಾಸಿ, ಮೇಲೆ ಒಂದು ಚಮಚ ಕಾಬೂಲಿ ಕಡಲೆಯ ಪಲ್ಯ, ಹುಣಸೆಯ ಗೊಜ್ಜು, ಸೌತೆಕಾಯಿ, ಖಾರದ ಚಟ್ನಿ. ಮಾರುವವರು ಇಷ್ಟನ್ನೂ ಮಾಡಿ ಕಾಗದದ ತುದಿ ತಿರುಚಿ ಕೊಡುವ ವೇಗ ನೋಡುವಂಥದ್ದು. ನಿಂತುಕೊಂಡೇ ತಿನ್ನಬೇಕು. ‘ಸ್ಲೈಟ್ ಪೆಪ್ಪರ್’ ಅಂದರೆ ಖಾರ ಒಂದು ತೊಟ್ಟು. ಬ್ಯಾಡಗಿಯ ಬಣ್ಣಕ್ಕೆ ಒಗ್ಗಿದ ನಾಲಿಗೆಗೆ ಅಷ್ಟು ಸಾಕು; ಮೊರುಗಾ ಸ್ಕಾರ್ಪಿಯನ್ ಎಂಬ ಮೆಣಸಿನಕಾಯಿಯ ತವರು ಇದೇ ದ್ವೀಪ. ಹೋಟೆಲಿನ ಬಫೆಯಲ್ಲಿ ಬ್ರೆಡ್ಡು ಬೆಣ್ಣೆ ಮುಗಿಸಿ ನಿಧಾನಕ್ಕೆ ಹೊರಬಿದ್ದರೆ ಡಬಲ್ಸ್ ಡಬ್ಬಿ ಖಾಲಿಯಾಗಿರುತ್ತದೆ.

ಈ ತಿಂಡಿ ದ್ವೀಪದ ದಕ್ಷಿಣದ ಪ್ರಿನ್ಸಸ್ ಟೌನ್‌ನಲ್ಲಿ 1930ರ ದಶಕದಲ್ಲಿ ದೀನ್ ಕುಟುಂಬದವರ ಕೈಯಲ್ಲಿ ಹುಟ್ಟಿದ್ದು. ಅದರ ಬೇರು ಮಾತ್ರ ಭಾರತದ್ದು: 1845ರ ಮೇ 30ರಂದು ‘ಫತೇಲ್ ರಜಾಕ್’ ಹಡಗು ಕಲ್ಕತ್ತಾದಿಂದ ಮೊದಲ ಕೂಲಿಯಾಳುಗಳನ್ನು ತಂದು ಇಳಿಸಿತು. ಕಬ್ಬಿನ ತೋಟಗಳ ಕರಾರು ಕೂಲಿ 1917ರವರೆಗೂ ನಡೆಯಿತು. ಬಂದವರಲ್ಲಿ ಹೆಚ್ಚಿನವರು ಭೋಜಪುರಿ ಸೀಮೆಯವರು. ಹಾಗಾಗಿ ಮಧ್ಯಾಹ್ನದ ಹೊತ್ತು ರೊಟ್ಟಿ ಅಂಗಡಿಗಳದು. ಬಟಾಣಿ ಬೇಳೆಯ ಪುಡಿ ತುಂಬಿದ ದಾಲ್‌ಪುರಿಯೊಳಗೆ ಆಲೂ, ಕುಂಬಳಕಾಯಿ, ಕರಿ ಮಾಡಿದ ಮಾವಿನಕಾಯಿ ಸುತ್ತಿ ಕೊಡುತ್ತಾರೆ. ಸಸ್ಯಾಹಾರಿಗಳಿಗೆ ಕೆರಿಬಿಯನ್‌ನಲ್ಲಿ ಇಷ್ಟು ಸಲೀಸಾದ ಊರು ಇನ್ನೊಂದು ಇರಲಾರದು.

ಸಂಜೆಯಾದರೆ ಸವಾನಾ ಎಂಬ ದೊಡ್ಡ ಬಯಲಿನ ಅಂಚಿನಲ್ಲಿ ಎಳನೀರು, ಜೋಳದ ಸೂಪು. ಇನ್ನೂ ತಡವಾದರೆ ಸೇಂಟ್ ಜೇಮ್ಸ್‌ನ ವೆಸ್ಟರ್ನ್ ಮೇನ್ ರೋಡ್. ಆದರೆ ಅಷ್ಟು ಹೊತ್ತಿನಲ್ಲಿ ಒಬ್ಬರೇ ನಡೆದುಹೋಗಬಾರದು, ಗೊತ್ತಿರುವ ಟ್ಯಾಕ್ಸಿ ಮಾಡಿಕೊಳ್ಳಿ. ದಾರಿಯಲ್ಲಿ ಕ್ವೀನ್ಸ್ ಪಾರ್ಕ್ ಓವಲ್ ಮೈದಾನವೂ ಹತ್ತಿರವೇ. 1976ರಲ್ಲಿ ಭಾರತ 403 ರನ್ ಬೆನ್ನಟ್ಟಿ ಗೆದ್ದಾಗ ನಮ್ಮ ಜಿ.ಆರ್. ವಿಶ್ವನಾಥ್ 112 ಹೊಡೆದದ್ದು ಅಲ್ಲೇ. ಕ್ರಿಕೆಟ್ ಗೊತ್ತಿರುವ ಡ್ರೈವರ್ ಸಿಕ್ಕಿ ಆ ಮಾತು ಎತ್ತಿದಿರೋ, ರೊಟ್ಟಿ ಅಂಗಡಿಗಳ ಪಟ್ಟಿ ತಾನಾಗಿ ಬರುತ್ತದೆ.

ಭಾನುವಾರದ ಕಥೆ ಬೇರೆ. ಊರಿನವರ ಮನೆಗಳಲ್ಲಿ ಕಲಾಲೂ, ಮ್ಯಾಕರೋನಿ ಪೈ ಬೇಯುತ್ತವೆ. ಮೀನು ತಿನ್ನುವವರು ಗುಡ್ಡ ದಾಟಿ ಮರಾಕಸ್ ಕಡಲತೀರಕ್ಕೆ ‘ಬೇಕ್ ಅಂಡ್ ಶಾರ್ಕ್’ಗೆ ಹೋಗುತ್ತಾರೆ. ಹಸಿರು ಸೊಪ್ಪಿನ ಸಾರಿನಂತೆ ಕಾಣುವ ಕಲಾಲೂವನ್ನು ಯಾರಾದರೂ ಬಡಿಸಿದರೆ ಸಸ್ಯಾಹಾರಿಗಳು ಕೇಳಿಕೊಳ್ಳಲಿ: ಅದಕ್ಕೆ ಏಡಿ ಹಾಕುವುದು ಅಲ್ಲಿನ ವಾಡಿಕೆ.